ಏಳು ಶಾಟ್, ಒಂದು ಲೋಟ ಕಾಫಿ

ಸಿನಿಮಾ ನೋಡಿ ಅಳುವವರನ್ನು ಕಂಡರೆ ನನಗೆ ಈಗ ಹೊಟ್ಟೆಕಿಚ್ಚು. ಒಂದು ಕಾಲಕ್ಕೆ ನಾನೂ ಆ ಪುಣ್ಯವಂತರ ಸಾಲಿನಲ್ಲಿದ್ದೆ. ನಾಯಿ ಕಳೆದುಹೋದರೂ ಅಳುತ್ತಿದ್ದೆ, ಅದು ಸಿಕ್ಕಿದ ಮೇಲೆ ಇನ್ನೊಂದು ಸುತ್ತು ಅಳುತ್ತಿದ್ದೆ. ಆಮೇಲೆ ಪದವಿಗೆ ಪತ್ರಿಕೋದ್ಯಮ ತೆಗೆದುಕೊಂಡೆ, ಮೂರನೆಯ ಸೆಮಿಸ್ಟರಿನಲ್ಲಿ ಸಿನಿಮಾ ಅಧ್ಯಯನ ಎಂಬ ವಿಷಯ ಬಂತು, ಅದನ್ನು ಕಲಿಸಲು ವಸುಧಾ ಮೇಡಂ ಬಂದರು, ನನ್ನ ಕಣ್ಣೀರು ಹೋಯಿತು. ಮೇಡಂ ನಾಲ್ಕು ನಿಮಿಷದ ಒಂದು ದೃಶ್ಯ ಹಿಡಿದರೆ ವಾರವಿಡೀ ಬಿಡುವುದಿಲ್ಲ. ಒಬ್ಬ ತಾಯಿ ಬಾಗಿಲಲ್ಲಿ ನಿಂತು ಮಗನನ್ನು ಕಳಿಸಿಕೊಡುತ್ತಾಳೆ, ಅಷ್ಟೇ ದೃಶ್ಯ. ಮೊದಲ ದಿನ ಇಡೀ ತರಗತಿ ಮೂಗು ಒರೆಸಿಕೊಂಡಿತು. ಎರಡನೆಯ ದಿನ ಬಾಗಿಲು ಏಕೆ ಅರ್ಧವೇ ತೆರೆದಿದೆ ಎಂದು ಚರ್ಚೆಯಾಯಿತು. ಮೂರನೆಯ ದಿನ ಬೆಳಕು ಎಡಗಡೆಯಿಂದ ಬೀಳುತ್ತಿದೆ ಎಂದು ಬರೆದುಕೊಂಡೆವು. ಶನಿವಾರದ ಹೊತ್ತಿಗೆ ಆ ತಾಯಿ ಬಿಕ್ಕಿ ಬಿಕ್ಕಿ ಅಳುತ್ತಿದ್ದರೆ ನಾವು ನಲವತ್ತು ಜನ ಅವಳ ಹಿಂದಿನ ಗೋಡೆಯ ಕ್ಯಾಲೆಂಡರನ್ನು ದಿಟ್ಟಿಸುತ್ತಿದ್ದೆವು.

ಬೇರೆ ವಿಷಯಗಳಲ್ಲಿ ಕಲಿತದ್ದನ್ನು ಕಾಲೇಜಿನಲ್ಲೇ ಬಿಟ್ಟು ಬರುವ ಒಳ್ಳೆಯ ಅಭ್ಯಾಸ ನನಗಿತ್ತು. ಇದೊಂದು ಮಾತ್ರ ಮನೆಗೂ ಬಂತು. ಅಪ್ಪನದು ಊರೂರಿಗೆ ವರ್ಗವಾಗುವ ಕೆಲಸವಾದ್ದರಿಂದ ನಾನು ಪಿಯುಸಿಯಿಂದಲೂ ಚಾಮರಾಜಪೇಟೆಯಲ್ಲಿ ದೊಡ್ಡಪ್ಪನ ಮನೆಯಲ್ಲೇ ಇದ್ದೇನೆ. ದೊಡ್ಡಪ್ಪ ಷಡಕ್ಷರಿಯವರದು ಪೇಟೆಯಲ್ಲಿ ಹಗ್ಗದ ಅಂಗಡಿ. ದೊಡ್ಡಮ್ಮ ಗಿರಿಜಮ್ಮ ಮನೆಯ ಸರ್ವಾಧಿಕಾರಿ. ದೊಡ್ಡಮ್ಮನಿಗೆ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಹಳೆಯ ಸಿನಿಮಾ ಹಾಕಿಕೊಂಡು ಮನಸಾರೆ ಅಳದಿದ್ದರೆ ವಾರ ಸರಿಹೋಗುವುದಿಲ್ಲ. ಒಂದು ಭಾನುವಾರ ಅವರು ಸೆರಗು ಕಣ್ಣಿಗೊತ್ತಿಕೊಂಡಾಗ ನಾನು ಪಕ್ಕದಲ್ಲಿ ಕೂತು, ನಿಮ್ಮನ್ನು ಅಳಿಸುತ್ತಿರುವುದು ಆ ಹುಡುಗಿಯ ಕಷ್ಟವಲ್ಲ, ಹಿಂದೆ ಬರುವ ಪಿಟೀಲು ಎಂದು ವಿವರಿಸಿದೆ. ಅಷ್ಟಕ್ಕೆ ನಿಲ್ಲದೆ, ಸಾಬೀತು ಮಾಡಲೆಂದು ರಿಮೋಟ್ ತೆಗೆದುಕೊಂಡು ದನಿ ಬಂದ್ ಮಾಡಿದೆ. ದೊಡ್ಡಮ್ಮ ಮೂಕ ಪರದೆಯನ್ನೂ ನನ್ನನ್ನೂ ನೋಡಿದರು. "ನಿಂಗೆ ಅಳು ಬರ್ದೇ ಇದ್ರೆ ಎದ್ದೋಗು. ನನ್ನ ಅಳು ಯಾಕ್ ಕೆಡಿಸ್ತೀಯ?" ಎಂದು ಹಾಲ್‌ನಿಂದ ಹೊರಗೆ ಕಳಿಸಿದರು.

ನೋಡುವುದು ಹೀಗೆ ಕೆಟ್ಟಿದ್ದಾಗ ಮೇಡಂ ವಿಡಿಯೋ ತೆಗೆಯುವುದಕ್ಕೂ ಹೇಳಿದರು. ಮಾಮೂಲಿ ಮನುಷ್ಯರೊಬ್ಬರು ಮಾಮೂಲಿ ಕೆಲಸ ಮಾಡುತ್ತಿರಬೇಕು, ಮಾತಿರಬಾರದು, ಏಳು ಶಾಟ್‌ಗಳಿರಬೇಕು. ಏಳನ್ನೂ ಬೇರೆ ಬೇರೆಯಾಗಿ ತೆಗೆದು ಜೋಡಿಸಿದಾಗ ಒಂದೇ ಉಸಿರಿನಲ್ಲಿ ನಡೆದಂತೆ ಕಾಣಬೇಕು. ಒಂದು ಶಾಟ್‌ನಲ್ಲಿ ಮಡಚಿದ ತೋಳು ಮುಂದಿನದರಲ್ಲಿ ಇಳಿದಿದ್ದರೆ ಅಂಕ ಹೋಯಿತು. ಇದಕ್ಕೆ ಕಂಟಿನ್ಯುಟಿ ಎನ್ನುತ್ತಾರೆ. ಶ್ರೀರಾಂಪುರದ ನನ್ನ ಗೆಳೆಯ ನವೀನ ತನ್ನ ಅಜ್ಜಿ ಹೂ ಕಟ್ಟುವುದನ್ನು ತೆಗೆಯುತ್ತೇನೆಂದ. ನಾನು ಒಬ್ಬರು ಕಾಫಿ ಕುಡಿಯುವುದನ್ನು ಆರಿಸಿಕೊಂಡೆ. ಅವನಿಗೆ ನಾನು ಸಹಾಯ ಮಾಡಬೇಕು, ನನಗೆ ಅವನು ಕ್ಯಾಮೆರಾ ಹಿಡಿಯಬೇಕು ಎಂದು ಒಪ್ಪಂದವಾಯಿತು. ಕಾಫಿಗಿಂತ ಸುಲಭವಾದದ್ದು ಪ್ರಪಂಚದಲ್ಲಿ ಏನಿದೆ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಕಾಫಿ ಎಷ್ಟು ಸೂಕ್ಷ್ಮವಾದ ವಿಚಾರ ಎಂಬುದು ಆ ಕ್ಷಣಕ್ಕೆ ನನ್ನ ತಲೆಯಲ್ಲಿರಲಿಲ್ಲ.

ದೊಡ್ಡಪ್ಪ ದಿನಕ್ಕೆ ಏಳೆಂಟು ಲೋಟ ಕಾಫಿ ಕುಡಿದುಕೊಂಡು ಸುಖವಾಗಿದ್ದ ಮನುಷ್ಯ. ಹೋದ ವರ್ಷ ಹೊಟ್ಟೆಯುರಿ ಹೆಚ್ಚಾಗಿ ಡಾಕ್ಟರ ಹತ್ತಿರ ಹೋದಾಗ ಅವರು ಬೆಳಿಗ್ಗೆ ಒಂದೇ ಲೋಟ ಎಂದರು. ಡಾಕ್ಟರು ಸುಮ್ಮನೆ ಹೇಳಿದ್ದನ್ನು ದೊಡ್ಡಮ್ಮ ಕಾನೂನು ಮಾಡಿದರು. ಅಂಗಡಿಯ ಪಕ್ಕದ ಹೋಟೆಲಿಗೆ ಸ್ವತಃ ಹೋಗಿ, ಇವರಿಗೆ ಕಾಫಿ ಕೊಟ್ಟರೆ ಹೊಟ್ಟೆ ನೋವಿನ ಪಾಪ ನಿಮಗೇ ಎಂದು ಮಾಲೀಕರಿಗೆ ಕೈಮುಗಿದು ಬಂದರು. ಪೇಟೆಯಲ್ಲಿ ಬೈದರೆ ಯಾರೂ ಕೇಳುವುದಿಲ್ಲ, ಕೈಮುಗಿದರೆ ಹೆದರುತ್ತಾರೆ. ಅಂದಿನಿಂದ ದೊಡ್ಡಪ್ಪ ಮಧ್ಯಾಹ್ನ ಊಟಕ್ಕೆ ಬಂದವರು ಜಗಲಿಯ ಬೆಂಚಿನ ಮೇಲೆ ಕೂತು ಬೀದಿಯನ್ನು ನೋಡುತ್ತಿದ್ದರು. ಹೀಗಿರುವಾಗ ನಾನು ಊಟದ ಹೊತ್ತಿನಲ್ಲಿ ಪಾತ್ರಧಾರಿ ಬೇಕೆಂದು ಗೊಣಗಿಕೊಂಡೆ. ದೊಡ್ಡಪ್ಪ ಕೈತೊಳೆದು ಹಿಂದೆಯೇ ಬಂದು, ಓದಿನ ವಿಷಯವಾದ್ದರಿಂದ ತಾನು ಬೇಕಾದರೆ ಕೂರುತ್ತೇನೆಂದರು. ವ್ಯಾಪಾರ ಬಿಟ್ಟು ನನ್ನ ಓದಿಗೆಂದು ಇಷ್ಟು ಮಾಡುತ್ತಾರಲ್ಲ ಎಂದುಕೊಂಡೆ. ಕಾಫಿ ಬೇಡ, ಲೋಟದಲ್ಲಿ ಬೆಲ್ಲದ ನೀರು ಹಾಕುತ್ತೇನೆ ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು.

"ಸುಳ್ಳು ನಟನೆ ನಂಗೆ ಬರಲ್ಲ ಪುಟ್ಟೀ. ಲೋಟದಲ್ಲಿ ಏನಿರುತ್ತೋ ಅದೇ ಮುಖದಲ್ಲಿ ಕಾಣೋದು."

ಈ ಮಾತನ್ನು ನಾನು ಮರುದಿನ ತರಗತಿಯಲ್ಲಿ ಹೇಳಿದೆ. ಮೇಡಂ ಅದನ್ನು ಬೋರ್ಡಿನ ಮೇಲೆ ಬರೆಸಿದರು.

ಚಿತ್ರೀಕರಣದ ದಿನಗಳನ್ನೂ ದೊಡ್ಡಪ್ಪನೇ ಗೊತ್ತುಮಾಡಿದರು. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಜಗಲಿಯ ಮೇಲೆ ಬೆಳಕು ಚೆನ್ನಾಗಿರುತ್ತದೆ ಎಂದರು. ಆ ಎರಡು ದಿನ ಅದೇ ಹೊತ್ತಿಗೆ ದೊಡ್ಡಮ್ಮ ವಿಶ್ವೇಶ್ವರಪುರಕ್ಕೆ ವಚನ ಗಾಯನ ಕಲಿಯಲು ಹೋಗುತ್ತಾರೆ. ಸೂರ್ಯನಿಗೂ ವಾರಕ್ಕೂ ಏನು ಸಂಬಂಧ ಎಂದು ಬೆಳಕಿನ ಬಗ್ಗೆ ಇಡೀ ನೋಟ್‌ಬುಕ್ ಬರೆದಿದ್ದ ನನಗೆ ಹೊಳೆಯಲಿಲ್ಲ. ಹಿರಿಯರು ಮನೆಯನ್ನು ಬಹಳ ವರ್ಷದಿಂದ ಬಲ್ಲವರು ಎಂದುಕೊಂಡು ಒಪ್ಪಿದೆ.

ಮೊದಲ ಮಂಗಳವಾರ ನವೀನ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ. ನಾನು ಹೊಗೆಯಾಡುವ ಕಾಫಿ ತಂದಿಟ್ಟೆ. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹಣೆಗೆ ಮೂರು ಗೆರೆ ವಿಭೂತಿ ಎಳೆದು ಕೂತರು. ಮೊದಲ ಶಾಟ್‌ನಲ್ಲಿ ಲೋಟ ಎತ್ತಿ ಒಂದೇ ಒಂದು ಗುಟುಕು ಕುಡಿಯಬೇಕಿತ್ತು. ಅವರು ಎತ್ತಿದವರು ಖಾಲಿಯಾಗುವ ತನಕ ಇಳಿಸಲಿಲ್ಲ. ಆಮೇಲೆ ಖಾಲಿ ಲೋಟವನ್ನು ನೋಡಿ, ಲೆಕ್ಕ ತಪ್ಪಿಹೋಯಿತು ಎಂದು ಬೇಸರಪಟ್ಟುಕೊಂಡರು. ಇನ್ನೊಂದು ಲೋಟ ಮಾಡಿ ತಂದೆ. ಆ ಸಲ ಒಂದು ಗುಟುಕು ಸರಿಯಾಗಿ ಕುಡಿದರು. ಎರಡನೆಯ ಶಾಟ್‌ಗೆ ನವೀನ ಫೋನನ್ನು ಆಚೆ ಇಟ್ಟು ಬರುವಷ್ಟರಲ್ಲಿ ಮಿಕ್ಕದ್ದೂ ಮುಗಿದಿತ್ತು. ಆರಿಹೋಗುತ್ತಿತ್ತು, ಅದಕ್ಕೇ ಎಂದರು. ಮೂರನೆಯ ಸಲ ಎಲ್ಲ ಮುಗಿಯುವ ಹೊತ್ತಿಗೆ ಸೀನಿದರು. ನಾಲ್ಕನೆಯ ಸಲ ಬೆವರು ಒರೆಸುವ ನೆಪದಲ್ಲಿ ವಿಭೂತಿಯ ಒಂದು ಗೆರೆ ಅಳಿಸಿಬಿಟ್ಟರು. ಮೂರು ಗೆರೆಯ ಮನುಷ್ಯ ಒಂದು ಗುಟುಕಿನಲ್ಲಿ ಎರಡು ಗೆರೆಯವನಾದರೆ ಮೇಡಂ ಬಿಡುತ್ತಾರೆಯೇ? ಮತ್ತೆ ಮೊದಲಿನಿಂದ ಶುರುವಾಯಿತು. ಮುಂದಿನ ದಿನಕ್ಕೆ ದೊಡ್ಡಪ್ಪ ಸಿನಿಮಾದವರ ಭಾಷೆಯನ್ನೂ ಕಲಿತಿದ್ದರು. ನಾನು ಆರಿದ ಕಾಫಿಯಲ್ಲೇ ಸುಧಾರಿಸಲು ನೋಡಿದರೆ, ಹಿಂದಿನ ಶಾಟ್‌ನಲ್ಲಿ ಹಬೆಯಿತ್ತು, ಇದರಲ್ಲಿ ಇಲ್ಲದಿದ್ದರೆ ಕಂಟಿನ್ಯುಟಿ ಏನಾಗಬೇಕು ಎಂದು ನನ್ನನ್ನೇ ಕೇಳಿದರು. ಅಂಥ ಶ್ರದ್ಧೆ ನಮ್ಮ ತರಗತಿಯಲ್ಲಿ ಯಾರಿಗೂ ಇರಲಿಲ್ಲ. ಒಂದು ಮಧ್ಯಾಹ್ನದ ಕೆಲಸಕ್ಕೆ ಎರಡು ಮಂಗಳವಾರ, ಎರಡು ಗುರುವಾರ ಹಿಡಿಯಿತು. ನಡುವೆ ಅವರು ನವೀನನನ್ನು, ನಿಮ್ಮ ಅಜ್ಜಿಯ ಸಿನಿಮಾದಲ್ಲಿ ಹೂ ಕೊಳ್ಳಲು ಬಂದು ಕಾಫಿ ಕುಡಿಯುವ ಗಿರಾಕಿ ಯಾರಾದರೂ ಬರುತ್ತಾರೆಯೇ ಎಂದೂ ವಿಚಾರಿಸಿದರು.

ಪುಡಿ ಬೇಗ ಬೇಗ ಇಳಿಯುತ್ತಿತ್ತು. ದೊಡ್ಡಮ್ಮನಿಗೆ ಗೊತ್ತಾಗದಿರಲಿ ಎಂದು ನಾನು ಫಿಲ್ಟರಿನಲ್ಲಿದ್ದ ಅದೇ ಪುಡಿಗೆ ಎರಡನೆಯ ಸಲ ಬಿಸಿನೀರು ಹಾಕಿ ಡಿಕಾಕ್ಷನ್ ಇಳಿಸತೊಡಗಿದೆ. ಆದರೂ ಡಬ್ಬಿ ಖಾಲಿಯಾಗುವುದು ಅವರ ಕಣ್ಣಿಗೆ ಬಿತ್ತು. ಅದಕ್ಕೆ ಅವರೇ ಒಂದು ಕಾರಣವನ್ನೂ ಕಂಡುಕೊಂಡರು. ಪಾಪದ ಹುಡುಗಿ ಕಾಫಿ ಕುಡಿದುಕೊಂಡು ನಿದ್ದೆಗೆಟ್ಟು ಓದುತ್ತಿದ್ದಾಳೆ ಎಂದು ನನಗೆ ದಿನಾ ಬೆಳಿಗ್ಗೆ ನೆನೆಸಿದ ಬಾದಾಮಿ ಕೊಡಲು ಶುರುಮಾಡಿದರು. ನಾನು ಸಿಪ್ಪೆ ಸುಲಿದು ತಿಂದೆ. ನಾಚಿಕೆಯಾಗುತ್ತಿತ್ತು. ಬಾದಾಮಿ ಚೆನ್ನಾಗಿಯೂ ಇತ್ತು.

ಸಂಕಲನಕ್ಕೆಂದು ನಾನೂ ನವೀನನೂ ಕಾಲೇಜಿನ ಲ್ಯಾಬಿನಲ್ಲಿ ಕೂತೆವು. ಕೆಟ್ಟುಹೋದ ಶಾಟ್‌ಗಳನ್ನೆಲ್ಲ ಒಂದರ ಹಿಂದೊಂದು ಹಾಕಿ ನೋಡುತ್ತಿದ್ದಾಗ ನವೀನ ತಟ್ಟನೆ ನಿಲ್ಲಿಸಿ ಹಿಂದಕ್ಕೆ ಓಡಿಸಿದ. ಪರದೆಯ ಮೇಲೆ ದೊಡ್ಡಪ್ಪ ಲೋಟದೊಳಗೆ ಇಣುಕಿ ನೋಡುತ್ತಾರೆ. ಖಾಲಿ. ಆಮೇಲೆ ಸೀನುತ್ತಾರೆ. ಇನ್ನೊಂದರಲ್ಲಿ ಇಣುಕಿ ನೋಡುತ್ತಾರೆ, ಖಾಲಿ, ಆಮೇಲೆ ಕ್ಯಾಮೆರಾ ನೋಡಿ ನಗುತ್ತಾರೆ. ಮತ್ತೊಂದರಲ್ಲಿ ಇಣುಕಿ ನೋಡಿ ಹಣೆ ಒರೆಸಿಕೊಳ್ಳುತ್ತಾರೆ. ಲೋಟ ತುಂಬಿದ್ದಾಗ ಅವರು ಒಂದು ಸಲವೂ ತಪ್ಪು ಮಾಡಿರಲಿಲ್ಲ.

"ಗುರು, ಡೈರೆಕ್ಟರ್ ನೀನಲ್ಲ, ನಿಮ್ಮ ದೊಡ್ಡಪ್ಪ" ಎಂದ ನವೀನ.

ಪಾತ್ರಕ್ಕೆ ಏನು ಬೇಕು, ಅದನ್ನು ಯಾರಿಂದ ಮುಚ್ಚಿಡುತ್ತಿದೆ ಎಂದು ಮೇಡಂ ದಿನಾ ಕೇಳುತ್ತಿದ್ದರು. ಯಾವುದೋ ಊರಿನ ಯಾವುದೋ ತಾಯಿಯ ಕ್ಯಾಲೆಂಡರನ್ನು ಒಂದು ವಾರ ನೋಡಿದ್ದ ನಾನು, ಮೂರಡಿ ದೂರದಲ್ಲಿ ಕೂತ ದೊಡ್ಡಪ್ಪನನ್ನು ನಾಲ್ಕು ಮಧ್ಯಾಹ್ನ ಕಂಡೂ ನೋಡಿರಲಿಲ್ಲ. ಸಂಜೆ ಅಂಗಡಿಗೇ ಹೋಗಿ ಕೇಳಿದೆ. ಅವರು ಹಗ್ಗದ ಸುರುಳಿ ಸುತ್ತುತ್ತಾ, ಒಂದು ಸಲ ನಿಜವಾಗಿಯೂ ಸೀನು ಬಂದಿತ್ತು ಎಂದರು. ಹೊಟ್ಟೆ ಉರಿಯಲಿಲ್ಲವೇ ಎಂದರೆ, ಉರಿಯಿತು, ಆದರೆ ಖುಷಿಯ ಉರಿ ಎಂದರು. ದೊಡ್ಡಮ್ಮನಿಗೆ ತಿಳಿದರೆ ಗತಿಯೇನು ಎಂದು ನಾನು ತಲೆಯ ಮೇಲೆ ಕೈಹೊತ್ತಾಗ ಅವರು ನನಗೆ ಸಮಾಧಾನ ಹೇಳಿದರು. "ಸಿನಿಮಾದಲ್ಲಿ ಕಾಣೋದು ಒಂದೇ ಲೋಟ ತಾನೇ? ನೀನು ಚೆನ್ನಾಗಿ ಜೋಡಿಸು, ಸಾಕು." ಅಲ್ಲಿಗೆ ಕಂಟಿನ್ಯುಟಿ ಎಂಬುದು ಇಬ್ಬರ ಮಾನದ ಪ್ರಶ್ನೆಯಾಯಿತು. ನಾನು ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ಕೆಲಸವನ್ನೂ ಮಾಡಿಲ್ಲ. ಅಂಗಿಯ ಮಡಿಕೆ, ವಿಭೂತಿಯ ಗೆರೆ, ಲೋಟದ ಮಟ್ಟ, ಹಬೆ, ನೆರಳು ಎಲ್ಲವೂ ಕೂಡಿಬಂದವು. ಹದಿನೇಳು ಲೋಟ ಕಾಫಿ ಎರಡು ನಿಮಿಷದಲ್ಲಿ ಒಂದೇ ಲೋಟವಾಯಿತು.

ವಿದ್ಯಾರ್ಥಿಗಳ ವಿಡಿಯೋಗಳನ್ನು ಮನೆಯವರಿಗೆ ತೋರಿಸುವ ಕಾರ್ಯಕ್ರಮ ಒಂದು ಶನಿವಾರ ಬೆಳಿಗ್ಗೆ ಇತ್ತು. ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ಬಂದು ಎರಡನೆಯ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ದೊಡ್ಡಪ್ಪ, ನಾಯಕನಟರ ಕಳೆಯಲ್ಲಿ. ನವೀನನ ಅಜ್ಜಿಗೆ ಚಪ್ಪಾಳೆ ಬಿತ್ತು. ನಮ್ಮ ಕಾಫಿಗೆ ಇನ್ನೂ ಜೋರಾಗಿ ಬಿತ್ತು. ಮೊದಲ ಗುಟುಕಿನಲ್ಲಿ ಆ ಮುಖದ ಮೇಲೆ ಬರುವ ತೃಪ್ತಿಯನ್ನು ವೃತ್ತಿಪರ ನಟರಿಂದಲೂ ತೆಗೆಸುವುದು ಕಷ್ಟ ಎಂದು ಮೇಡಂ ಹೊಗಳಿದರು. ನಾನು ಉಸಿರು ಬಿಟ್ಟೆ. ಆಮೇಲೆ ಮೇಡಂ, ಬಂದವರಲ್ಲಿ ಯಾರಾದರೂ ಅಭಿಪ್ರಾಯ ಹೇಳುತ್ತೀರಾ ಎಂದು ಕೇಳಿದರು. ದೊಡ್ಡಮ್ಮ ಕೈ ಎತ್ತಿದರು.

"ಚೆನ್ನಾಗಿದೆ. ಆದ್ರೆ ಆ ಕಾಫಿ ಒಂದೇ ಲೋಟದ್ದಲ್ಲ" ಎಂದರು.

ಮೇಡಂ ಆಸಕ್ತಿಯಿಂದ, ಹೇಗೆ ಹೇಳುತ್ತೀರಿ ಎಂದರು.

"ಮೊದಲು ಎತ್ತಿದ್ದು ಒಂದನೇ ಡಿಕಾಕ್ಷನ್ನು. ತುಟಿ ಹತ್ರ ತೋರಿಸಿದ್ರಲ್ಲ, ಅದು ಎರಡನೇದು, ನೀರು ನೀರು. ಕೊನೇಲಿ ಮತ್ತೆ ಒಂದನೇದು ಬಂತು. ಕುಡೀತಾ ಕುಡೀತಾ ಕಾಫಿ ಗಟ್ಟಿ ಆಗುತ್ತಾ?"

ಮೇಡಂ ವಿಡಿಯೋ ಹಿಂದಕ್ಕೆ ಓಡಿಸಿ ಮೂರು ಕಡೆ ನಿಲ್ಲಿಸಿದರು. ಗೋಡೆಯಗಲದ ಪರದೆಯ ಮೇಲೆ ಎರಡು ಬಣ್ಣದ ಕಾಫಿ ಸ್ಪಷ್ಟವಾಗಿ ಕಂಡಿತು. ನಲವತ್ತು ವಿದ್ಯಾರ್ಥಿಗಳು, ಒಬ್ಬ ಅಧ್ಯಾಪಕಿ ನೋಡಿಯೂ ನೋಡದ ತಪ್ಪು ಅದು. ಇಡೀ ಸಭೆ ದೊಡ್ಡಮ್ಮನಿಗೆ ಚಪ್ಪಾಳೆ ತಟ್ಟಿತು. ಅವರು ಅದನ್ನು ಕಿವಿಗೆ ಹಾಕಿಕೊಳ್ಳದೆ ದೊಡ್ಡಪ್ಪನ ಕಡೆ ತಿರುಗಿ, ಒಟ್ಟು ಎಷ್ಟು ಎಂದು ಮೆಲ್ಲಗೆ ಕೇಳಿದರು. ದೊಡ್ಡಪ್ಪ ನನ್ನನ್ನು ನೋಡಿದರು. ನಾನು ನೆಲದ ಟೈಲ್ಸ್ ನೋಡಿದೆ. ಮನೆಯ ರಾಜಕೀಯ ತಿಳಿಯದ ನವೀನ ಹಿಂದಿನ ಸಾಲಿನಿಂದ ಬಾಗಿ, "ಹದಿನೇಳು ಆಂಟಿ" ಎಂದ.

ಮನೆಗೆ ಬಂದ ಮೇಲೆ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದು ಒಂದೇ ಮಾತು ಕೇಳಿದರು. "ಅವರಿಗೆ ಉರಿ ಬಂದ್ರೆ ಯಾರನ್ನ ಕರೀತಾರೆ, ನಿಮ್ಮ ಮೇಡಮ್ಮನ್ನಾ?" ಅವರ ದನಿ ಸ್ವಲ್ಪ ನಡುಗಿತು. ಹಿಂದೆ ಯಾವ ಪಿಟೀಲೂ ಇರಲಿಲ್ಲ. ನಾನು ತಲೆತಗ್ಗಿಸಿ ತಪ್ಪಾಯಿತು ಎಂದೆ. ಶಿಕ್ಷೆಯೂ ಲೆಕ್ಕಾಚಾರವಾಗಿತ್ತು. ಹದಿನೇಳು ದಿನ ದೊಡ್ಡಪ್ಪನಿಗೆ ಬೆಳಗಿನ ಕಾಫಿಯೂ ಇಲ್ಲ, ಜೀರಿಗೆ ಕಷಾಯ. ಮಾಡಿಕೊಟ್ಟವಳು ನಾನಾದ್ದರಿಂದ ನನಗೂ ಅದೇ. ಬಾದಾಮಿ ಅವತ್ತೇ ನಿಂತಿತು.

ಕಾಲೇಜಿನಲ್ಲಿ ಕಾಫಿಯ ಬಣ್ಣಕ್ಕೆಂದು ಎರಡು ಅಂಕ ಹೋಯಿತು. ಅದರ ಮೇಲೆ, ಪ್ರತಿಯೊಬ್ಬರೂ ತಮ್ಮ ವಿಡಿಯೋವನ್ನು ತಾವೇ ವಿಶ್ಲೇಷಿಸಿ ಬರೆಯಬೇಕೆಂದು ಮೇಡಂ ಹೇಳಿದರು. ಒಬ್ಬ ಮನುಷ್ಯ ಹೆಂಡತಿಗೆ ಗೊತ್ತಾಗದಂತೆ ಕಾಫಿ ಕುಡಿದ ಎಂದು ಬರೆದರೆ ಪುಟ ತುಂಬುವುದಿಲ್ಲ. ಆದ್ದರಿಂದ ಬಾಳಿನ ಮುಸ್ಸಂಜೆಯ ಒಂಟಿ ಮುದುಕ, ಬರಿದಾಗುವ ಲೋಟ, ಯಾರೂ ಬಾರದ ಬೀದಿ ಎಂದೆಲ್ಲ ಎಂಟು ಪುಟ ಬರೆದೆ. ಮೇಜಿನ ಮೇಲೆ ಇಟ್ಟಿದ್ದ ಅದನ್ನು ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಇವರು ಒಂಟಿ ಮುದುಕ ಆದ್ರೆ, ನಾನೇನು ಸತ್ತೋಗಿದೀನಾ?" ಎಂದರು.

ಬರೆದದ್ದು ತಪ್ಪು, ಆ ಮನುಷ್ಯನಿಗೆ ಗಟ್ಟಿಮುಟ್ಟಾದ ಹೆಂಡತಿ ಇದ್ದಾಳೆ ಎಂದು ನಿನ್ನ ಮೇಡಂಗೆ ಹೇಳಿ ಬಾ ಎಂದು ಅಪ್ಪಣೆಯಾಯಿತು. ಮರುದಿನ ಹೋಗಿ ಹಾಗೆಯೇ ಹೇಳಿದೆ. ಮೇಡಂ ಕಣ್ಣು ಮುಚ್ಚಿ ಯೋಚಿಸಿದರು. ಹೆಂಡತಿ ಇದ್ದೂ ಯಾವ ಶಾಟ್‌ನಲ್ಲೂ ಕಾಣದಿರುವುದು, ಅವಳ ಗೈರುಹಾಜರಿಯೇ ಇಡೀ ಚಿತ್ರವನ್ನು ಆಳುವುದು ಬಹಳ ಆಳವಾದ ಗ್ರಹಿಕೆ ಎಂದು ಎರಡು ಅಂಕ ಹೆಚ್ಚಿಗೆ ಕೊಟ್ಟರು. ಅದು ಗ್ರಹಿಕೆಯಲ್ಲ, ದೂರು ಎಂದು ಹೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡೆ. ಮನೆಗೆ ಬಂದು ದೊಡ್ಡಮ್ಮನಿಗೆ, ಹೇಳಿದೆ, ಮೇಡಂ ಒಪ್ಪಿಕೊಂಡರು ಎಂದಷ್ಟೇ ತಿಳಿಸಿದೆ. ಅವರು ಸಂತೋಷಪಟ್ಟು, ನಿಮ್ಮ ಮೇಡಂ ಒಳ್ಳೆಯವರು ಎಂದರು. ಎರಡು ಅಂಕಕ್ಕೆ ಅವರನ್ನು ಗೈರುಹಾಜರು ಮಾಡಿ ಬಂದಿರುವ ವಿಷಯವನ್ನು ನಾನಿನ್ನೂ ಅವರಿಗೆ ಹೇಳಿಲ್ಲ.