ಸುಮಾಳ ಚಿತ್ರಕ್ಕೆ ನಾನು ಹಚ್ಚಿದ ಅರಿಶಿನ

ಕಾಗದಪತ್ರದ ವಿಷಯದಲ್ಲಿ ನನ್ನನ್ನು ಮೀರಿಸುವವರು ಮಹಾಂತೇಶ ನಗರದಲ್ಲೇ ಇಲ್ಲವೆಂದು ನಾನು ನಂಬಿದ್ದೆ. ಮೂವತ್ತು ವರ್ಷ ಕಚೇರಿಯಲ್ಲಿ ಕಡತ ನೋಡಿದವನು! ಹಾಗಾಗಿ ಖಾನಾಪುರದ ಅಕ್ಕನ ಮಗಳು ಸುಮಾ ತನ್ನ ಸ್ಕ್ರೀನ್ ಪ್ರಿಂಟ್ ಚಿತ್ರವನ್ನು ನಮ್ಮ ಮನೆಗೆ ತಂದಾಗ, ಅದು ಸರಿಯಾದ ಕೈ ಸೇರಿತೆಂದೇ ಭಾವಿಸಿದೆ.

ದೊಡ್ಡ ಬಿಳಿ ಹಾಳೆ. ನಡುವೆ ಒಂದು ಕೆಂಪು ಗೆರೆ. ಅಷ್ಟೇ.

“ಶಹಾಪುರದಾಗ ನಿಂತುಹೋದ ಮಗ್ಗದ ಕಡೀ ಎಳಿ ಮಾಮಾ ಇದು,” ಎಂದಳು. “ಐದ ಪ್ರತಿ ತಗದು ಸ್ಕ್ರೀನ್ ತೊಳದೇನಿ, ಇನ್ನ ಬ್ಯಾರೆ ಪ್ರತಿ ಬರೂದಿಲ್ಲ. ನಾಲ್ಕನ್ನ ಗುರುಗಳಿಗೆ, ಗೆಳತ್ಯಾರಿಗೆ ಕೊಟ್ಟೆ. ಮಾರಾಕ ಉಳದದ್ದು ಇದೊಂದ. ಚಿತ್ರ ಕೊಳ್ಳೂ ಮೇಡಂ ಒಬ್ಬರು ಕ್ಯಾಂಪ್ ಏರಿಯಾದಿಂದ ನಾಳೆ ಇಲ್ಲೇ ನೋಡಾಕ ಬರ್ತಾರ. ಮಾರಿದ್ರ ಅಪ್ಪ ನನ್ನ ಬಿ.ಎಡ್.ಗೆ ಹಾಕೂದಿಲ್ಲ, ಚಿತ್ರಾನ ತಗೀ ಅಂದಾನ.”

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಹಾಳೆ ಬಿಚ್ಚಿದೆ. ಕೆಳಗೆ ಪೆನ್ಸಿಲಿನಲ್ಲಿ ೫/೫, ಪಕ್ಕದಲ್ಲಿ ಗೀಚಿದಂಥ ಸಹಿ. ಪೆನ್ಸಿಲ್! ನಮ್ಮ ಕಚೇರಿಯಲ್ಲಿ ಪೆನ್ಸಿಲ್ ಬರಹವೆಂದರೆ ಕಚ್ಚಾ. ಕಡತ ಹೊರಗೆ ಹೋಗುವ ಮುನ್ನ ಅಳಿಸಲೇಬೇಕು. ಅಳಿಸಿದೆ.

“ಆಕಿನ್ನ ಒಂದ ಮಾತ ಕೇಳ್ರಿ,” ಅಂದಳು ಹೆಂಡತಿ ಶಾಂತಾ.

“ಇದರಾಗ ಕೇಳೂದೇನೈತಿ?” ಎಂದು ನೀಲಿ ಶಾಯಿಯಲ್ಲಿ ಮುದ್ದಾಗಿ ಬರೆದೆ: ಕು. ಸುಮಾ, ಮು.ಪೋ. ಖಾನಾಪುರ. ಮೊದಲ ಮಾರಾಟ, ಶುಭವಾಗಲೆಂದು ಲಗ್ನಪತ್ರಿಕೆಗೆ ಹಚ್ಚುವಂತೆ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದೆ. ಕುಂಕುಮ ಹೆಚ್ಚಾಯಿತು. ಊದಿದೆ. ಹಾಳೆಯೆಲ್ಲ ಹರಡಿತು!

ಸ್ನಾನ ಮುಗಿಸಿ ಬಂದ ಸುಮಾ ಹಾಳೆ ನೋಡಿ ಹಾಗೇ ನಿಂತಳು. “ಆ ನಂಬರ್, ಆ ಸಹಿನ ಇದರ ಬೆಲಿ ಇತ್ತು ಮಾಮಾ,” ಎಂದಳು ಮೆಲ್ಲಗೆ.

ಮೇಡಂ ಹೇಳಿದ ಹೊತ್ತಿಗೇ ಬಂದರು. “ಸಹಿ ಮತ್ತ ಮಾಡಬಹುದು. ಆದ್ರ ಇದು ಚಿತ್ರ ಉಳದಿಲ್ರಿ, ಲಗ್ನಪತ್ರಿಕಿ ಆಗೇತಿ,” ಎಂದು ಚಹಾ ಕುಡಿದು ಹೊರಟರು. ಸುಮಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.

ಭಾವನ ಮುಂದೆ ತಪ್ಪೊಪ್ಪಿಕೊಳ್ಳಲೆಂದೇ ಅವಳ ಜೊತೆ ಖಾನಾಪುರದ ಬಸ್ಸು ಹತ್ತಿದೆ. ಊಟಕ್ಕೆ ಕುಳಿತಾಗ ಭಾವ ಕೇಳಿದರು, “ಮಾರಾಟ ಆತೇನವಾ?”

“ಮೇಡಂಗ ಮನಸ್ಸಿಗೆ ಬರಲಿಲ್ಲಪ್ಪಾ,” ಎಂದಳು ಸುಮಾ, ನನ್ನ ಕಡೆ ನೋಡದೆ.

ಆಗಲೇ ನಾನು ಬಾಯಿ ತೆರೆಯಬೇಕಿತ್ತು. ನಾಚಿಕೆಯಿಂದ ಇನ್ನೊಂದು ತುತ್ತು ಬಾಯಿಗಿಟ್ಟೆ. ಅದು ಇಳಿಯುವಷ್ಟರಲ್ಲಿ ಭಾವ ಬಿ.ಎಡ್. ಅರ್ಜಿ ತಂದು ನನ್ನ ಮುಂದಿಟ್ಟರು. “ನೀವು ಬಂದದ್ದು ಚಲೋ ಆತು. ಇದನ್ನಷ್ಟು ತುಂಬಿ ಕೊಡ್ರಿ.”

ಕೈ ತೊಳೆದು ಬಂದು ತುಂಬಿದೆ. ಒಂದೂ ತಪ್ಪಿಲ್ಲದೆ.