ಬಸ್ಸಿಗೆ ಅನುದಾನ ಹಂಚಿದ ಪ್ರಸಂಗ

ಮರಾಠಿ ನಾಡಿನ ಶಿವಾಜಿನಗರದಲ್ಲಿರುವ ನಮ್ಮ ಕಚೇರಿಯ ಕೆಲಸ ಇಷ್ಟೇ: ಬಸ್ ಓಡಿಸಲು ಸರ್ಕಾರ ಕೊಡುವ ಅನುದಾನವನ್ನು ಸುತ್ತಲಿನ ಊರುಗಳ ಸಾರಿಗೆ ಸಂಸ್ಥೆಗಳಿಗೆ ಹಂಚುವುದು. ನಾನು ಅಲ್ಲಿ ಗುಮಾಸ್ತ, ವಿಜಯಪುರ ಕಡೆಯವನು. ಹಂಚುವ ನಿಯಮ ಬದಲಾದಾಗಲೆಲ್ಲ ಬಸ್ಸುಗಳಿಗೆ ಹೊಸ ಹುಚ್ಚು ಹಿಡಿಯುತ್ತದೆ. ಮರಾಠಿಯಲ್ಲಿ ಕೇಳಿದ್ದನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಓಡಿದಷ್ಟು

ಮೊದಲು, ಹೆಚ್ಚು ಕಿಲೋಮೀಟರ್ ಓಡಿದವರಿಗೆ ಹೆಚ್ಚು ಎಂದೆವು. ಪರಿಶೀಲನೆಗೆ ಒಂದು ಊರಿಗೆ ಹೋದೆ. ಖಾಲಿ ಬಸ್ಸೊಂದು ಸ್ಟ್ಯಾಂಡನ್ನೇ ಸುತ್ತುತ್ತಿತ್ತು. ಕೈ ಮಾಡಿದರೂ ನಿಲ್ಲಲಿಲ್ಲ. ಮುಂದಿನ ಸುತ್ತಿನಲ್ಲಿ ಪಕ್ಕಕ್ಕೇ ಓಡುತ್ತ ಕೇಳಿದೆ, "ಯಾಕಪ್ಪಾ ನಿಲ್ಲಿಸೂದಿಲ್ಲ?"

ಡ್ರೈವರ್ ಹೇಳಿದ, "ಹತ್ತಿಸಿಕೊಂಡ್ರ ಎಲ್ಲಿಗಾದ್ರೂ ಹೋಗಬೇಕು ಅಂತೀರಿ. ನಮಗ ಕೆಲಸ ಅದ."

ಹತ್ತಿದಷ್ಟು

ನಮ್ಮ ಕಚೇರಿಯ ಸಾಹೇಬರು ನಿಯಮ ತಿರುಗಿಸಿದರು: ಎಷ್ಟು ಜನ ಹತ್ತುತ್ತಾರೋ ಅಷ್ಟು ಅನುದಾನ. ಅದೇ ವಾರ ನನ್ನ ಹೆಂಡತಿ ಪಕ್ಕದೂರಿನ ತನ್ನ ಅಕ್ಕನ ಮನೆಗೆಂದು ಹೋದವಳು, ಒಯ್ದಿದ್ದ ಶೇಂಗಾ ಹೋಳಿಗೆಯನ್ನು ಹಾಗೇ ವಾಪಸ್ ತಂದಳು.

"ಅಕ್ಕ ಇರಲಿಲ್ಲೇನು?"

"ನಾ ಆಕಿ ಮನಿ ಮುಟ್ಟಲೇ ಇಲ್ರಿ! ಆ ಊರಿನ ಬಸ್ಸಿನ್ಯಾಗ ಕಂಡಕ್ಟರ್ ಸ್ಟಾಪ್ ಸ್ಟಾಪಿಗೂ ಮುಂದಿನ ಬಾಗಿಲಿಂದ ಇಳಿಸಿ ಹಿಂದಿನ ಬಾಗಿಲಿಂದ ಹತ್ತಿಸಿದ. ಬಸ್ಸಿನ್ಯಾಗ ನಾನೊಬ್ಬಾಕಿನೇ ಇದ್ದೆ. ಅರ್ಧ ದಾರಿಗೇ ಕತ್ತಲಾತು, ತಿರುಗಿ ಬಂದೆ. ಕಡೀಕ ಹೇಳ್ತಾನ, ಇವತ್ತ ಕಾಲಿಡಾಕ ಜಾಗಾ ಇರಲಿಲ್ಲಂತ!"

ಕೆಟ್ಟಷ್ಟು

ಬೇಸತ್ತ ಸಾಹೇಬರು, ಯಾರ ಸ್ಥಿತಿ ಹೆಚ್ಚು ಹದಗೆಟ್ಟಿದೆಯೋ ಅವರಿಗೆ ಹೆಚ್ಚು ಎಂದು ಎಲ್ಲ ಊರುಗಳ ಬಸ್ ವ್ಯವಸ್ಥಾಪಕರನ್ನು ಸಭೆಗೆ ಕರೆದರು. ಒಬ್ಬರ ಡಿಪೋದಲ್ಲಿ ಪಗಾರವೇ ನಿಂತಿತ್ತು. ಪಾಪ, ಅವರು ತಮ್ಮ ಹಳೇ ಬಸ್ಸಿನಲ್ಲೇ ಹೊರಟಿದ್ದರು. ದಾರಿಯಲ್ಲಿ ಅದು ಕೆಟ್ಟು, ಸಭೆ ಮುಗಿಯುವ ಹೊತ್ತಿಗೆ ಬೆವರುತ್ತ ಬಂದರು. ಸಾಹೇಬರಿಗೆ ಕರುಳು ಚುರುಕ್ಕೆಂದಿತು. ದೊಡ್ಡ ಪಾಲು ಅವರಿಗೇ ಹೋಯಿತು. ಆ ಮನುಷ್ಯ ಅಲ್ಲೇ ಕಣ್ಣೊರೆಸಿಕೊಂಡರು. ಉಳಿದವರು ಅದನ್ನು ಚೆನ್ನಾಗಿ ನೋಡಿಕೊಂಡರು.

ಮುಂದಿನ ಸಭೆಗೆ ಒಬ್ಬರೂ ಕಾರಿನಲ್ಲಿ ಬರಲಿಲ್ಲ. ಎಲ್ಲರೂ ತಮ್ಮ ಡಿಪೋದ ಅತಿ ಮುರುಕು ಬಸ್ಸನ್ನೇ ಆರಿಸಿ ತಂದರು. ಅವೆಲ್ಲ ಕಚೇರಿ ಮುಂದಿನ ರಸ್ತೆಯಲ್ಲಿ ಸಾಲಾಗಿ ಕೆಟ್ಟು ನಿಂತವು. ವ್ಯವಸ್ಥಾಪಕರು ಇಳಿದು ನಡೆದು ಬಂದು ಕೂತರು. ಸಾಹೇಬರದೇ ಪತ್ತೆ ಇಲ್ಲ. ಫೋನ್ ಮಾಡಿದೆ.

"ಎಲ್ಲಿದ್ದೀರಿ ಸಾಹೇಬ್ರ? ಎಲ್ಲಾರೂ ಕಾಯಾಕತ್ತಾರ."

ಏದುಸಿರು ಕೇಳಿಸಿತು. "ಮುಂದೊಂದು ಬಸ್ ಕೆಟ್ಟು ನಿಂತದ. ಅದು ಸರಿಯೋತನಕ ನನ್ನ ಕಾರು ಹೋಗೂದಿಲ್ಲ. ತಳ್ಳಾಕತ್ತೀನಿ."

"ಅದರ ಡ್ರೈವರ್ ಇಲ್ಲೇನ್ರಿ?"

"ಒಳಗ ಕುಂತಾನ. ಭಾಳ ಜೋರ್ ತಳ್ಳಬ್ಯಾಡ್ರಿ, ಚಾಲೂ ಆದ್ರ ನಮ್ಮ ಅನುದಾನ ಹೋಗ್ತದ ಅಂತಾನ!"