ಅಡುಗೆಮನೆ ಕಿಟಕಿಯ ಕೊಂಡಿ

ಕಟ್. ಕಿರ್ ಕಿರ್ ಕಿರ್.

ಬಚ್ಚಲ ಕಲ್ಲಿನ ಮೇಲೆ ಕೂತು ಹಲ್ಲುಜ್ಜುತ್ತಿದ್ದ ಧರ್ಮೇಶನ ಕೈ ಬಾಯಲ್ಲೇ ನಿಂತಿತು. ಈ ಸದ್ದನ್ನು ಅವನು ನಿದ್ದೆಯಲ್ಲೂ ಗುರುತಿಸಬಲ್ಲ. ಮೊದಲಿನ 'ಕಟ್' ಕೊಂಡಿಯ ಬಾಯಿ ಮುಚ್ಚಿಕೊಂಡದ್ದು. ಆಮೇಲಿನ 'ಕಿರ್ ಕಿರ್' ಆ ಬಾಯಿ ತೆರೆಯದಂತೆ ತಿರುಪು ಬಿಗಿದದ್ದು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ಎತ್ತರದಲ್ಲಿ, ಗಾಳಿಯ ನಡುವೆ, ಮರ ಹತ್ತುವವನ ಸೊಂಟದಲ್ಲಿ ಕೇಳಬೇಕಾದ ಸದ್ದು ಅದು. ಈಗ ಅಡುಗೆಮನೆಯಿಂದ ಬರುತ್ತಿತ್ತು.

"ಅರುಣಾ, ಕೊಂಡಿ ಮುಟ್ಟಬೇಡ ಅಂದಿದ್ದೆ" ಎಂದು ನೊರೆಬಾಯಲ್ಲೇ ಕೂಗಿದ.

"ಮುಟ್ಟಲಿಲ್ಲ ಮಾರಾಯ್ರೆ. ಕಿಟಕಿಗೆ ಹಾಕಿದೆ ಅಷ್ಟೆ" ಎಂದಳು ಹೆಂಡತಿ.

ಅನ್ಯಾಯಕ್ಕೂ ಒಂದು ಮಿತಿ ಇರಬೇಕು ಎಂದುಕೊಂಡು ಧರ್ಮೇಶ ಬಾಯಿ ಮುಕ್ಕಳಿಸಿದ.

ಅವನು ಸಂಸೆಯ ಸುತ್ತಿನ ತೋಟಗಳಲ್ಲಿ ಕಾಳುಮೆಣಸು ಕುಯ್ಯುವವನು. ಹೋದ ವರ್ಷ ಒಂಟಿ ಬಿದಿರಿನ ಏಣಿಯ ಮೇಲಿಂದ ಬಿದ್ದು ಕೈ ಮುರಿದುಕೊಂಡಿದ್ದ. ಕೈ ಕೂಡಿಕೊಂಡಿತು, ಅರುಣಾಳ ಮನಸ್ಸು ಕೂಡಿಕೊಳ್ಳಲಿಲ್ಲ. ಇನ್ನು ಮರ ಹತ್ತುವ ಹಾಗಿಲ್ಲ ಎಂದು ಅವಳು ಕಾನೂನು ಮಾಡಿದಳು. ಅವಳ ಅಣ್ಣ ರಂಗನಾಥ ಕಳಸದ ದಾರಿಯಲ್ಲಿ ಹೋಂಸ್ಟೇ ನಡೆಸುತ್ತಿದ್ದ. ಅಲ್ಲಿ ಗೇಟು ಕಾಯುವ ಕೆಲಸ ಖಾಲಿ ಇತ್ತು. ನೀಲಿ ಟೊಪ್ಪಿ ಹಾಕಿಕೊಂಡು, ಕಾರು ಬಂದಾಗ ಗೇಟು ತೆಗೆದು ಸಲಾಮು ಹೊಡೆಯಬೇಕು. ಮರದ ತುದಿಯಲ್ಲಿ ನಿಂತು ಕುದುರೆಮುಖದ ಮೋಡವನ್ನು ಕಣ್ಣಿಗೆ ಸಮನಾಗಿ ನೋಡಿದವನು ಬೆಂಗಳೂರಿನ ಕಾರುಗಳಿಗೆ ಸಲಾಮು ಹೊಡೆಯುವುದೆ? (ಹೊಡೆದರೆ ಏನು ಸವೆಯುತ್ತೆ ಎಂದು ಅರುಣಾ ಕೇಳಿದ್ದಳು. ಅವನು ಆ ದಿನ ಊಟ ಬಿಟ್ಟಿದ್ದ. ಮಧ್ಯಾಹ್ನದ್ದು ಮಾತ್ರ.)

ಅದಕ್ಕೇ ಚಿಕ್ಕಮಗಳೂರಿಗೆ ಹೋಗಿ, ಹಗ್ಗ ಪಟ್ಟಿ ಕಟ್ಟಿಕೊಂಡು ಮರ ಹತ್ತುವ ತರಬೇತಿ ಪಡೆದು ಬಂದ. ಬರುವಾಗ ಸೊಂಟದ ಪಟ್ಟಿ, ಮರಕ್ಕೆ ಸುತ್ತುವ ಪಟ್ಟಿ, ಹಗ್ಗ, ನಾಲ್ಕು ಲಾಕಿನ ಕೊಂಡಿ ತಂದ. ಕ್ಯಾರಬೀನರ್ ಎಂದು ಅವುಗಳ ಅಸಲು ಹೆಸರು. ಒಂದೊಂದು ಕೊಂಡಿಯೂ ಎರಡು ಟನ್ನು ತೂಕ ತಡೆಯುತ್ತದೆಂದು ಅವನು ಮನೆಯವರಿಗೆ ವಿವರಿಸಿದ್ದ. ಮನೆಯವರು ಆ ಮಾತನ್ನು ನಂಬಿದ್ದೇ ತಪ್ಪಾಯಿತು.

ವಾರ ಕಳೆಯುವುದರೊಳಗೆ ಒಂದು ಕೊಂಡಿ ಬಾವಿಯ ಬಿಂದಿಗೆಗೆ ಹೋಯಿತು. ಒಂದು ಕೋಳಿಗೂಡಿನ ಬಾಗಿಲಿಗೆ. ಮೂರನೆಯದನ್ನು ಅವನ ತಾಯಿ ಮುತ್ತಮ್ಮ ತಮ್ಮ ಎಲೆಅಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ತೆಗೆದುಕೊಂಡರು. ಎರಡು ಟನ್ನು ತಡೆಯುವ ಮಹಾಯಂತ್ರ ನಾಲ್ಕು ವೀಳ್ಯದೆಲೆ ಹೊತ್ತು ಊರೆಲ್ಲ ತಿರುಗಿತು. ನಾಲ್ಕನೆಯದು ಅಡುಗೆಮನೆ ಕಿಟಕಿಗೆ.

ಕಿಟಕಿಯದ್ದೇ ದೊಡ್ಡ ಜಗಳ. ಕೋತಿಗಳು ಚಿಲಕ ತೆಗೆಯುವುದನ್ನು ಯಾವತ್ತೋ ಕಲಿತಿದ್ದವು. ಅರುಣಾ ತಂತಿ ಸುತ್ತಿದಳು, ಬಿಚ್ಚಿದವು. ಹಗ್ಗ ಕಟ್ಟಿದಳು, ಕಚ್ಚಿ ತುಂಡು ಮಾಡಿದವು. ಕೊಂಡಿ ಹಾಕಿದ ದಿನ ಮಾತ್ರ ದೊಡ್ಡ ಗಂಡುಕೋತಿಯೊಂದು ಕಿಟಕಿಯ ಹೊರಗೆ ಬಹಳ ಹೊತ್ತು ಕೂತು, ಕೊಂಡಿಯನ್ನು ಎಳೆದು, ನೆಕ್ಕಿ, ಕೊನೆಗೆ ಮುಖ ಸಣ್ಣ ಮಾಡಿಕೊಂಡು ಹೋಯಿತು. ಆವತ್ತಿನಿಂದ ಅರುಣಾ ಆ ಕೊಂಡಿಯನ್ನು ಸೆರಗಿನಲ್ಲಿ ಒರೆಸಿಡುತ್ತಿದ್ದಳು.

ಇವತ್ತು ಭಾನುವಾರ. ಒಪ್ಪಂದದ ದಿನ. ಮನೆಯ ಹಿಂದಿನ ಸಿಲ್ವರ್ ಮರವನ್ನು ಅರುಣಾಳ ಕಣ್ಣೆದುರು ಹತ್ತಿ ಇಳಿಯಬೇಕು. ಅವಳ ಎದೆ ಹೊಡೆದುಕೊಳ್ಳದಿದ್ದರೆ ಈ ವರ್ಷದ ಮೆಣಸು ಕುಯ್ಲಿಗೆ ಅಪ್ಪಣೆ. ಹೊಡೆದುಕೊಂಡರೆ ನಾಳೆಯಿಂದ ಟೊಪ್ಪಿ. ಟೊಪ್ಪಿಯನ್ನು ಹಿಡಿದುಕೊಂಡೇ ರಂಗನಾಥ ಬಂದಿದ್ದ. ಅವನಿಗಾಗಿ ಒಳಗೆ ಕಡುಬು ಬೇಯುತ್ತಿತ್ತು.

"ನಾಲ್ಕೂ ಕೊಡಿ" ಎಂದು ಧರ್ಮೇಶ ಅಂಗಳದಲ್ಲಿ ಕೈ ಚಾಚಿ ನಿಂತ.

"ನಂದೂ ಬೇಕೇನೋ?" ಎಂದರು ಮುತ್ತಮ್ಮ, ಚೀಲ ಮುಚ್ಚಿ ಹಿಡಿದು.

"ಅದು ನಿಂದಲ್ಲವ್ವ."

"ಕೊಡಿ ಅತ್ತೆ. ಸಂಜೆ ಮತ್ತೆ ಹಾಕಿಕೊಳ್ಳೋರಂತೆ" ಎಂದಳು ಅರುಣಾ. "ಕಿಟಕಿದು ಮಾತ್ರ ಬೇಡ ಮಾರಾಯ್ರೆ. ಒಳಗೆ ಕಡುಬು ಇದೆ."

"ಗಂಡ ಹೆಚ್ಚೋ ಕಡುಬು ಹೆಚ್ಚೋ?"

ಅರುಣಾ ಒಮ್ಮೆ ಅವನನ್ನೂ ಒಮ್ಮೆ ಅಡುಗೆಮನೆಯನ್ನೂ ನೋಡಿದಳು. ಅಷ್ಟರಲ್ಲಿ ಅವನೇ ಹೋಗಿ ಕಿಟಕಿಯ ಕೊಂಡಿ ಬಿಚ್ಚಿ ತಂದ.

ಮೇಲಿನ ಕವಲಿಗೆ ಹಾಯಿಸಬೇಕಾದ ಹಗ್ಗದ ಒಂದು ತುದಿಯನ್ನು ಮರದ ಬುಡಕ್ಕೆ ಕಟ್ಟಿ, ಇನ್ನೊಂದನ್ನು ಒಂದು ಕೊಂಡಿಯಿಂದ ಬೆನ್ನಹಿಂದೆ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡ. ಮಿಕ್ಕ ಹಗ್ಗ ಬುಡದಲ್ಲಿ ಸುರುಳಿಯಾಗಿ ಬಿದ್ದಿತ್ತು. ಮರಕ್ಕೆ ಸುತ್ತಿದ ಪಟ್ಟಿಯೊಂದು ಅವನನ್ನು ಕಾಂಡಕ್ಕೆ ಹಿಡಿದಿಟ್ಟಿತು. ಅದಕ್ಕೆ ಕಿಟಕಿಯ ಕೊಂಡಿ. ಉಳಿದೆರಡು ಸೊಂಟದಲ್ಲಿ ತೂಗಿದವು. ಮೆಣಸಿನ ಬಳ್ಳಿಯ ಸಂದಿಯಲ್ಲಿ ಕಾಲಿಡುತ್ತ, ಪಟ್ಟಿ ಮೇಲೆ ಸರಿಸುತ್ತ, ಒಂದು ಕೊಂಬೆ ಅಡ್ಡ ಬಂದಾಗ ಪಟ್ಟಿ ಬಿಚ್ಚಿ ಅದರ ಮೇಲೆ ಹಾಕಿ, ಮನೆಯ ಹೆಂಚಿಗಿಂತ ಎತ್ತರಕ್ಕೆ ಹೋದ.

"ನೋಡು" ಎಂದು ಕೆಳಗೆ ಕೂಗಿ, ಎರಡೂ ಕೈ ಬಿಟ್ಟು ಹಿಂದಕ್ಕೆ ವಾಲಿದ. ಪಟ್ಟಿ ಅವನನ್ನು ಹಿಡಿದುಕೊಂಡಿತು. "ಈಗ ಎದೆ ಹೊಡ್ಕೊಳ್ತಾ?"

"ಕೊಂಡಿ ಬಿಗಿ ಇದೆಯಾ?" ಎಂದಳು ಅರುಣಾ.

ಇಂಥ ಪ್ರಶ್ನೆ ಯಾವ ಗಂಡಸಿಗಾದರೂ ನೋವು ತರುತ್ತದೆ. ಜೋತುಬಿದ್ದಲ್ಲಿಂದಲೇ ಧರ್ಮೇಶ ಅವಳಿಗೆ ಕಾಣುವ ಹಾಗೆ ತಿರುಪನ್ನು ಹಲ್ಲು ಕಚ್ಚಿ ಬಿಗಿದ. ತೂಕ ಬಿದ್ದಿರುವಾಗ ಬಿಗಿ ಮಾಡಬೇಡಿ, ತೂಕ ಇಳಿದ ಮೇಲೆ ತಿರುಗುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದು ನೆನಪಾಯಿತು. ಬಿಗಿ ಮಾಡಿದ ಮೇಲೆ.

ಆಗಲೇ ಅವನಿಗೆ ಕೋತಿಗಳು ಕಂಡವು.

ಗಂಡುಕೋತಿ ಅಡುಗೆಮನೆ ಕಿಟಕಿಯಲ್ಲಿ ಕೂತು ಚಿಲಕ ಎತ್ತುತ್ತಿತ್ತು. ಹಿಂದೆ ಅದರ ಸಂಸಾರ ಮದುವೆಮನೆಯ ಪಂಕ್ತಿಯಂತೆ ಸಾಲಾಗಿ ಕಾದಿತ್ತು. ಕೆಳಗಿನ ಮೂವರೂ ಮನೆಗೆ ಬೆನ್ನು ಹಾಕಿ ಇವನನ್ನೇ ನೋಡುತ್ತಿದ್ದರು.

"ಕೋತಿ" ಎಂದು ಕೂಗಿದ ಧರ್ಮೇಶ.

"ಕಾಣ್ತಾ ಇದೆ, ನೇತಾಡ್ತಾ ಇದೆ" ಎಂದ ರಂಗನಾಥ, ಮೊಬೈಲಿನಲ್ಲಿ ಫೋಟೊ ತೆಗೆಯುತ್ತ.

"ಹಿಂದೆ ನೋಡ್ರೋ. ಕಿಟಕಿ, ಕಡುಬು."

"ಹಸಿವಾಯ್ತು ಅಂತ ಕಾಣುತ್ತೆ ಪಾಪ" ಎಂದರು ಮುತ್ತಮ್ಮ.

ಧರ್ಮೇಶ ಕಾಂಡವನ್ನು ತಬ್ಬಿ ಕೊಂಬೆಯ ಮೇಲೆ ನಿಂತ. ಪಟ್ಟಿ ಬಿಚ್ಚದೆ ಕೊಂಬೆ ದಾಟಿ ಇಳಿಯುವಂತಿಲ್ಲ. ತಿರುಪು ತಿರುಗಿಸಿದ. ತಿರುಗಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದ. ಅದು ಮರದ ಭಾಗವೇ ಆದಂತೆ ಕೂತಿತ್ತು. ಅವನ ಕಣ್ಣೆದುರಲ್ಲಿ ಕಡುಬು ಒಂದೊಂದಾಗಿ ಹೊರಬಂದು ಹೆಂಚಿನ ಮೇಲೆ ಹೋದವು. ಒಂದು ಮರಿಕೋತಿ ಬೆಲ್ಲದ ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು ಬಂತು. ಡಬ್ಬಿ ಜಾರಿ ಹೆಂಚಿನ ಮೇಲೆ ಗಡಗಡ ಉರುಳಿದಾಗ ಕೆಳಗಿನವರು ತಿರುಗಿದರು.

ಆಮೇಲೆ ಸ್ವಲ್ಪ ಹೊತ್ತು ಪೊರಕೆ, ಕಲ್ಲು ಮತ್ತು ರಂಗನಾಥನ ಟೊಪ್ಪಿ ಗಾಳಿಯಲ್ಲಿ ಹಾರಾಡಿದವು. ಟೊಪ್ಪಿಯನ್ನು ಗಂಡುಕೋತಿ ಹಿಡಿದುಕೊಂಡಿತು. ವಾಪಸ್ಸು ಕೊಡಲಿಲ್ಲ.

"ಇಳಿದು ಬನ್ನಿ ಇನ್ನು" ಎಂದಳು ಅರುಣಾ, ಏದುಸಿರು ಬಿಡುತ್ತ ಮರದ ಕೆಳಗೆ ಬಂದು.

"ಆಗಲ್ಲ."

"ಎಂತ ಆಗಲ್ಲ?"

"ಕೊಂಡಿ ಕಚ್ಚಿಕೊಂಡಿದೆ."

ಅರುಣಾ ಒಳಗೆ ಹೋಗಿ ಇಕ್ಕಳ ತಂದು ಬಾಯಲ್ಲಿ ಕಚ್ಚಿ, ಸೀರೆ ಎತ್ತಿ ಕಟ್ಟಿ, ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಆ ಒಂಟಿ ಬಿದಿರಿನ ಏಣಿಯನ್ನು ಮರಕ್ಕೆ ಆನಿಸಿದಳು. ಹೋದ ವರ್ಷ ಅವನು ಬಿದ್ದ ಏಣಿ ಅದೇ. ಬೇಡ ಎಂದು ಅವನು ಹೇಳುವಷ್ಟರಲ್ಲಿ ಅರ್ಧ ಬಂದಾಗಿತ್ತು. ಒಂದೊಂದು ಗೆಣ್ಣಿಗೂ ಏಣಿ ಬಳುಕಿತು. ಧರ್ಮೇಶ ಮೇಲಿಂದ ಕೂಗಿದ.

"ನಿಧಾನ ಮಾರಾಯ್ತಿ. ಏನೂ ಕಟ್ಟಿಕೊಳ್ಳದೆ ಹತ್ತೋದಾ? ಬಿದ್ದರೆ? ಬುದ್ಧಿ ಇದೆಯಾ ನಿನಗೆ?"

ಅವಳ ತಲೆ ಅವನ ಎದೆಯ ಮಟ್ಟಕ್ಕೆ ಬಂದದ್ದೇ ತಡ, ಸೊಂಟದಲ್ಲಿ ತೂಗುತ್ತಿದ್ದ ಕೊಂಡಿಯೊಂದನ್ನು ತೆಗೆದು, ಹೆಗಲ ಮೇಲಿನ ಟವೆಲನ್ನು ಅವಳ ನಡುವಿಗೆ ಸುತ್ತಿ ಗಂಟು ಹಾಕಿ, ಕಟ್ ಎಂದು ತನ್ನ ಸೊಂಟದ ಪಟ್ಟಿಗೇ ಸಿಕ್ಕಿಸಿದ. ಗಂಟನ್ನು ಎರಡು ಸಲ ಎಳೆದು ನೋಡಿದ.

ಅರುಣಾ ಇಕ್ಕಳವನ್ನು ಬಾಯಿಂದ ತೆಗೆದಳು. "ಎದೆ ಹೊಡ್ಕೊಳ್ತಾ ಇದೆಯಾ?"

"ಹೂಂ."

"ಹೋದ ವರ್ಷದಿಂದ ನಂಗೆ ಹೀಗೇ."

ಗಾಳಿ ಬಂತು. ಸಿಲ್ವರ್ ಎಲೆಗಳು ಬೆಳ್ಳಗೆ ಮಗುಚಿಕೊಂಡವು. ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಧರ್ಮೇಶ ಬಾಯಿ ತೆರೆದ.

"ಕಿಟಕಿ ಕೊಂಡಿ ಮುಟ್ಟಬೇಡಿ ಅಂದಿದ್ದೆ" ಎಂದಳು ಅವಳು.

"ಅದು ನನ್ನ ಕೊಂಡಿ" ಎಂದು ಅವನು ಸಿಟ್ಟಿನಿಂದ ಹಿಂದಕ್ಕೆ ವಾಲಿದ. ಪಟ್ಟಿಯ ಮೇಲೆ ಮತ್ತೆ ತೂಕ ಬಿತ್ತು. ಕೊಂಡಿ ಹಿಡಿದಿದ್ದ ಅವಳ ಬೆರಳ ನಡುವೆ ತಿರುಪು ಕಿರ್ ಎಂದು ತಿರುಗಿತು, ಇಕ್ಕಳವೂ ಬೇಕಾಗಲಿಲ್ಲ.

ಇಬ್ಬರೂ ಒಬ್ಬರ ಹಿಂದೆ ಒಬ್ಬರು ಕೆಳಗೆ ಬಂದಾಗ ರಂಗನಾಥ ಹೆಂಚಿನ ಮೇಲಿನ ಟೊಪ್ಪಿಯನ್ನೇ ನೋಡುತ್ತಿದ್ದ. "ಈಗ ಎಂತ ತೀರ್ಮಾನ ಅರುಣಾ?" ಎಂದ.

"ಮರ ಹತ್ತಲಿ ಅಣ್ಣ" ಎಂದಳು. ಧರ್ಮೇಶನ ಎದೆ ಉಬ್ಬಿತು. "ಕೊಂಡಿ ಗಟ್ಟಿ ಇದೆ, ನೋಡಿದ್ನಲ್ಲ. ಅವರೇ ಬಿಚ್ಚಿಕೊಂಡು ಬೀಳಬೇಕು ಅಂದ್ರೂ ಆಗಲ್ಲ. ಆದರೆ ಇವು ನಾಲ್ಕೂ ಮನೆಗೆ. ಅವರು ಬೇರೆ ತಂದುಕೊಳ್ಳಲಿ."

"ನನ್ನ ಕೊಂಡಿ ನನಗಿಲ್ಲವಾ?"

"ಕೊಂಡಿ ಇಲ್ಲ ಅಂದ್ರೆ ಕೋತಿ ಬೇರೆ ಕಿಟಕಿಗೆ ಹೋಗುತ್ತಾ?"

"ನನ್ನದು ಈಗಲೇ ಕೊಡು ಮಗನೇ, ಎಲೆ ಬಾಡುತ್ತೆ" ಎಂದರು ಮುತ್ತಮ್ಮ. ಅವನ ಸೊಂಟದಿಂದ ತಾವೇ ಒಂದನ್ನು ಬಿಚ್ಚಿಕೊಂಡರು. ಅರುಣಾ ಎರಡು ತೆಗೆದುಕೊಂಡಳು.

"ಇದು ಮನೆಯಲ್ಲ, ಇಲ್ಲಿ ಒಬ್ಬ ಮನುಷ್ಯನ ಕಸುಬಿಗೆ ಕಿಂಚಿತ್ ಗೌರವವಿಲ್ಲ" ಎಂದ ಧರ್ಮೇಶ. "ನಾನು ಹೋಗ್ತೀನಿ. ಈಗಲೇ ಹೋಗ್ತೀನಿ."

"ಸ್ವಲ್ಪ ನಿಲ್ಲಿ, ನಿಮ್ಮ ಬೆನ್ನಲ್ಲಿ..." ಎಂದು ಅರುಣಾ ಶುರುಮಾಡಿದಳು.

"ನನ್ನ ಬೆನ್ನ ಸುದ್ದಿ ನಿನಗೆ ಬೇಡ" ಎಂದು ಅವನು ಅವಳ ಮಾತನ್ನು ಅರ್ಧಕ್ಕೇ ತುಂಡರಿಸಿ, ತಲೆ ಎತ್ತಿ, ಎದೆ ಮುಂದೆ ಮಾಡಿ, ಬೇಲಿಯ ದಣಪೆ ದಾಟಿ ತೋಟದ ದಾರಿಗೆ ನಡೆದ. ಅವನ ಹಿಂದೆ ಬೆನ್ನಲ್ಲೇ ಉಳಿದ ಕೊಂಡಿಗೆ ಸಿಕ್ಕಿಕೊಂಡ, ಇನ್ನೊಂದು ತುದಿ ಮರಕ್ಕೆ ಕಟ್ಟಿದ್ದ ಹಗ್ಗ ಸರಸರ ಹರಿಯಿತು. ಹಿತ್ತಿಲಲ್ಲಿ ಮೂವರು, ಹೆಂಚಿನ ಮೇಲೆ ಟೊಪ್ಪಿ ಹಾಕಿಕೊಂಡ ಕೋತಿ, ಎಲ್ಲರೂ ಮರದ ಬುಡದಲ್ಲಿ ಸುರುಳಿ ಕರಗುವುದನ್ನೇ ನೋಡುತ್ತಿದ್ದರು.